ಹನ್ನೊಂದನೇ ಇಲಿಯ ಅಂಗಾಲು

ನಮ್ಮತ್ತಿಗೆಗೆ ಏನು ಕೆಲಸವೆಂದು ಯಾರಾದರೂ ಕೇಳಿದರೆ ಅಣ್ಣ ಮಾತು ಬದಲಿಸುತ್ತಾನೆ. ಲ್ಯಾಬಿನಲ್ಲಿ ಇಲಿಯ ಅಂಗಾಲಿಗೆ ಟೇಪು ಅಂಟಿಸುವುದು ಎನ್ನಲು ಅವನಿಗೆ ನಾಚಿಕೆ. ನನಗಂತೂ ಇಲ್ಲ. ಅಕ್ಕಿಕಾಳಿನಷ್ಟು ಟೇಪು ಅಂಟಿಸಿ, ಅದು ಇಲಿಗೆ ತಿಳಿಯಲು ಎಷ್ಟು ಹೊತ್ತಾಯಿತೆಂದು ಒಂಬತ್ತು ವರ್ಷದಿಂದ ಬರೆದಿಡುತ್ತಾ ಬಂದಿರುವುದು ಹುಡುಗಾಟವಲ್ಲ.

ಇದೆಲ್ಲ ಯಾಕೆಂದು ಅಮ್ಮ ಒಮ್ಮೆ ಊಟಕ್ಕೆ ಕೂತಾಗ ಕೇಳಿದಳು.

“ಮರಿ ಬೆಳೆಯೋವಾಗ ನರ ಅಂಗಾಲಿನ ತನಕ ಬರುತ್ತೆ, ಅತ್ತೆ. ಇಲ್ಲೇ ಬೆಳಿ ಅನ್ನೋ ಹಾಗೆ ಅಲ್ಲಿನ ಚರ್ಮ ಏನೋ ಒಂದು ರಸ ಬಿಡುತ್ತೆ. ಅದನ್ನ ಹಿಡಿಯೋ ರಿಸೆಪ್ಟರ್ ನರದ ಮೇಲಿದ್ರೆ, ಮುಟ್ಟಿದ್ದು ತಿಳಿಯೋ ತುದಿ ಬಲಿಯುತ್ತೆ. ಇಲ್ದಿದ್ರೆ ನರ ಬಂದ್ರೂ ಬಂದ ಹಾಗಲ್ಲ.”

“ಹಾಗಾದ್ರೆ ನನ್ನ ಮಗನಿಗೂ ಅದಿಲ್ಲ ಬಿಡು. ಎಷ್ಟು ತಿವಿದ್ರೂ ಏಳಲ್ಲ.”

ಅಣ್ಣ ಸಾರಿನ ಪಾತ್ರೆಯನ್ನು ತನ್ನತ್ತ ಎಳೆದುಕೊಂಡ.

ಆ ವರ್ಷ ಲ್ಯಾಬಿನ ಮುಖ್ಯಸ್ಥೆ ಮೇಡಂ, ರಿಸೆಪ್ಟರ್ ಇಲ್ಲದಂತೆ ಹುಟ್ಟಿಸಿದ ಹನ್ನೊಂದು ಇಲಿಗಳನ್ನು ಬೇರೆ ಪಂಜರದಲ್ಲಿಟ್ಟಿದ್ದರು. ಹತ್ತು ಇಲಿಗಳು ಟೇಪು ಮೆತ್ತಿಕೊಂಡೇ ಆರಾಮಾಗಿ ಓಡಾಡಿದವು. ಹನ್ನೊಂದನೆಯದು ಮಾತ್ರ ಅತ್ತಿಗೆ ಕೈ ತೆಗೆಯುವಷ್ಟರಲ್ಲಿ ಕಿತ್ತೆಸೆಯಿತು. ಐದು ದಿನ ನೋಡಿದರೂ ಅದೇ ಕತೆ.

ಮೇಡಂ ಸಿಡಿಮಿಡಿಗೊಂಡರು. “ಟೇಪನ್ನ ಜೋರಾಗಿ ಒತ್ತಿಬಿಟ್ಟಿರ್ತೀರಿ. ಆ ಇಲೀನ ಪಟ್ಟಿಯಿಂದ ತೆಗೆದುಬಿಡಿ.”

“ತೆಗೆಯಲ್ಲ ಮೇಡಂ. ನನ್ನ ಕೈ ಮೇಲೆ ಅನುಮಾನ ಇದ್ರೆ ಬೇರೆಯವರ ಕೈಲಿ ಮಾಡಿಸಿ.”

“ಸರಿ. ಸೋಮವಾರದಿಂದ ಬೇರೆಯವರೇ ಮಾಡ್ತಾರೆ. ನೀವು ಬರೋದು ಬೇಡ.”

ಅತ್ತಿಗೆ ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕೂತರು. ಒಂಬತ್ತು ವರ್ಷದ ಕೆಲಸ ಒಂದು ಇಲಿಯಿಂದ ಹೋಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಣ್ಣ ಸುಮ್ಮನಿರಬೇಕೋ ಬೇಡವೋ, “ಒಂದು ಇಲಿ ತಾನೇ, ತೆಗೆದುಬಿಡಬಾರದಿತ್ತಾ?” ಅಂದ. ಅತ್ತಿಗೆ ನೋಡಿದ ನೋಟಕ್ಕೆ ಅವತ್ತು ಪಾತ್ರೆಯೆಲ್ಲ ಅವನೇ ತೊಳೆದ.

ಆದರೆ ಲ್ಯಾಬಿನಿಂದ ಹೊರಡುವ ಮುಂಚೆ ಅತ್ತಿಗೆ ಆ ಇಲಿಯ ಬಾಲದ ತುದಿಯಿಂದ ಒಂದು ಚೂರನ್ನು ವಂಶವಾಹಿ ಪರೀಕ್ಷೆಗೆ ಕೊಟ್ಟು ಬಂದಿದ್ದರು. ಆ ಶುಕ್ರವಾರವೇ ವರದಿ ಬಂತು. ಹನ್ನೊಂದನೆಯದಕ್ಕೆ ರಿಸೆಪ್ಟರ್ ಸರಿಯಾಗಿಯೇ ಇತ್ತು. ಅದು ಪಕ್ಕದ ಪಂಜರದ ಮಾಮೂಲಿ ಇಲಿ. ಲ್ಯಾಬಿನ ದಾಖಲೆ ತೆಗೆದು ನೋಡಿದರೆ, ಅತ್ತಿಗೆ ಜ್ವರವೆಂದು ರಜೆ ಹಾಕಿದ್ದ ಒಂದೇ ದಿನ, ಪಂಜರ ತೊಳೆಯಲು ಇಲಿಗಳನ್ನು ಎತ್ತಿಟ್ಟು ಅದಲು ಬದಲು ಮಾಡಿದವರು ಸಾಕ್ಷಾತ್ ಮೇಡಂ.

ಸಂಜೆ ಅವರೇ ಫೋನ್ ಮಾಡಿದರು. “ತಪ್ಪು ನಂದೇ. ಸೋಮವಾರ ನೀವೇ ಬನ್ನಿ. ನೀವು ಬರೋಷ್ಟರಲ್ಲಿ ಪಂಜರ ಎಲ್ಲಾ ನಾನೇ ತೊಳೆದಿಟ್ಟಿರ್ತೀನಿ.”

“ಬರ್ತೀನಿ ಮೇಡಂ,” ಎಂದರು ಅತ್ತಿಗೆ. “ಪಂಜರ ಮಾತ್ರ ಮುಟ್ಟಬೇಡಿ.”