ಜಯನಗರದಲ್ಲಿ ಹಾಡಿದ ಇಟಲಿಯವನು

ಶನಿವಾರ ಬೀರು ಒರೆಸುವ ದಿನ. ಹಾಸ್ಟೆಲಿನ ಗಂಟೆ ಕೇಳಿಕೊಂಡು ಬೆಳೆದವಳು ನಾನು. ವಾರದ ಒಂದೊಂದು ದಿನಕ್ಕೂ ಕೆಲಸ ಹಂಚಿಟ್ಟಿದ್ದೇನೆ, ನೆನಪುಗಳಿಗೆಂದು ಯಾವ ದಿನವನ್ನೂ ಬಿಟ್ಟಿಲ್ಲ. ಆದರೆ ಈ ಶನಿವಾರ ಮೇಲಿನ ಖಾನೆಯಿಂದ ಹಳೆಯ ರೆಕಾರ್ಡೊಂದು ಜಾರಿ ಕೈಗೆ ಬಂತು. ರಟ್ಟಿನ ಕವರಿನ ಮೇಲೆ ಕರಿ ಕೋಟಿನ ಇಟಲಿಯ ಗಾಯಕ, ಬಸ್ಸು ತಪ್ಪಿಸಿಕೊಂಡವನ ಹಾಗೆ ತೋಳು ಚಾಚಿ, ಬಾಯಿ ತೆರೆದು ನಿಂತಿದ್ದಾನೆ. ಒರೆಸುವ ಬಟ್ಟೆ ಹಿಡಿದೇ ಕೂತುಬಿಟ್ಟೆ. ನೀವೂ ಕೂತುಕೊಳ್ಳಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ನಮ್ಮ ಮನೆಗೆ ನಮ್ಮ ಯಜಮಾನರು ಇದನ್ನು ತಂದರು. ಒಂದು ಬದಿಯಲ್ಲಿ ಜನಪ್ರಿಯ ಹಾಡುಗಳು, ಮೈಕಿನ ಹತ್ತಿರ ಬಂದು ಗುಟ್ಟು ಹೇಳಿದಂತೆ ಹಾಡಿದವು. ಇನ್ನೊಂದು ಬದಿಯಲ್ಲಿ ಒಪೆರಾ, ಅಂದರೆ ಅವರ ಸಂಗೀತ ನಾಟಕದ ಹಾಡುಗಳು. ನಮ್ಮ ಕಂಪನಿ ನಾಟಕದ ರಾಜಪಾರ್ಟಿನವರಂತೆ, ಕೊನೆಯ ಸಾಲಿನವನಿಗೂ ಕೇಳಲೆಂದು ಎದೆ ತುಂಬಿ ಹಾಡಿದವು.

ಆಗ ನಮ್ಮ ಮಾವ ಸಂಗೀತವನ್ನೇ ಬಿಟ್ಟಿದ್ದರು. ರಾಮನವಮಿ ಕಚೇರಿಗೆ ಮೊದಲ ಸಾಲಿನ ಕುರ್ಚಿಗೆ ಟವೆಲು ಹಾಕಿ ಜಾಗ ಹಿಡಿಯುತ್ತಿದ್ದವರು, ತೊಡೆಯ ಮೇಲೆ ತಾಳ ಹಾಕಿ ಹಾಕಿ ಪಂಚೆ ಸವೆಸಿದವರು, ಆ ವರ್ಷ ನಮ್ಮ ಬೆಂಗಳೂರಿನದೇ ಶ್ರೀನಗರದ ಪೆಂಡಾಲಿನಲ್ಲಿ ಒಬ್ಬ ಹೊಸ ಹುಡುಗ ಹಾಡುತ್ತಿದ್ದಾಗ ಅರ್ಧಕ್ಕೇ ಎದ್ದು ಬಂದರು. "ಈಗಿನೋರು ಹಾಡಲ್ಲ, ಗೊಣಗ್ತಾರೆ." ಆಮೇಲೆ ರೇಡಿಯೋವನ್ನೂ ಮುಟ್ಟಲಿಲ್ಲ. ಸಂಜೆಯೆಲ್ಲ ಸುಮ್ಮನೆ ಗೋಡೆ ನೋಡುತ್ತಿದ್ದರು. ಕಿವಿ ಮಂದವಾಗಿದೆಯೆಂದು ಮನೆಯವರಿಗೆಲ್ಲ ಗೊತ್ತು. ಹೇಳುವವರು ಯಾರು? ನಾನಂತೂ ಸೊಸೆ, ಸಾರಿಗೆ ಉಪ್ಪು ಸಾಕೇ ಎಂದು ಕೇಳುವುದಕ್ಕೂ ಮುಹೂರ್ತ ನೋಡುತ್ತಿದ್ದವಳು.

ಯಜಮಾನರು ಮೊದಲು ಮೆಲುದನಿಯ ಬದಿ ಹಾಕಿದರು. ಮಾವ ಮುಖ ಕಿವುಚಿದರು. "ಇವನೂ ಗೊಣಗ್ತಾನಲ್ಲೋ!"

ತಟ್ಟೆ ತಿರುವಿ ಹಾಕಿದ್ದಾಯಿತು. ಒಪೆರಾ ಹೊರಟಿತು. ಮಾವ ನೆಟ್ಟಗೆ ಕೂತರು, ಕೈ ತಾನಾಗಿ ತೊಡೆಗೆ ಹೋಯಿತು. ಸ್ವಲ್ಪ ಹೊತ್ತು ತಾಳ ಚೆನ್ನಾಗಿಯೇ ನಡೆಯಿತು. ಆಮೇಲೆ ಇಟಲಿಯವನು ಒಂದು ಮೇಲಿನ ಸ್ವರ ಹಿಡಿದ, ಬಿಡಲೇ ಇಲ್ಲ. ಮಾವನ ಕೈ ಗಾಳಿಯಲ್ಲೇ ಕಾದು ನಿಂತಿತು.

"ಲೋ, ತಾಳಕ್ಕೆ ಬಾರೋ! ಎಲ್ಲಿಗ್ಹೋದೆ?"

"ಅವರಲ್ಲಿ ಹಾಗೇ ಅಪ್ಪ, ಇಷ್ಟ ಬಂದಷ್ಟು ಹೊತ್ತು ನಿಲ್ತಾರೆ," ಎಂದರು ಯಜಮಾನರು.

"ಶಿಸ್ತಿಲ್ಲ. ಆದ್ರೆ ಕಂಠ ಅಂದ್ರೆ ಇದಪ್ಪ! ಆ ಕಡೆ ಹಾಡಿದ ಸೋಂಬೇರಿನ ಇವನ ಹತ್ರ ಪಾಠಕ್ಕೆ ಕಳಿಸ್ಬೇಕು."

ಬಾಗಿಲಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ತಲೆಯೆತ್ತದೆ, ಆದರೆ ಬೀದಿಗೆಲ್ಲ ಕೇಳುವಂತೆ ಅಂದರು: "ಎರಡು ಕಡೆನೂ ಹಾಡಿರೋದು ಒಬ್ಬನೇ ಕಣ್ರೀ."

ಮಾವ ಕವರು ತರಿಸಿ ನೋಡಿದರು. ಒಂದೇ ಮುಖ, ಒಂದೇ ಹೆಸರು. ಕವರನ್ನು ಎರಡು ಸಲ ತಿರುವಿ ನೋಡಿದರು. ನಾನು ಅಡುಗೆಮನೆಗೆ ಓಡಲು ಸಿದ್ಧಳಾಗಿ ನಿಂತಿದ್ದೆ.

"ಹಾಗಾದ್ರೆ ಪೆಂಡಾಲಲ್ಲಿ ಆ ಹುಡುಗ ಚೆನ್ನಾಗೇ ಹಾಡಿರ್ಬೇಕು, ಪಾಪ," ಅಂದರು ಕೊನೆಗೆ. ನನ್ನ ಕಡೆ ತಿರುಗಿದರು. "ಬೆಳಗ್ಗೆ ಕಿವಿ ಡಾಕ್ಟರ ಹತ್ರ ಹೋಗೋಣ. ನೀನೇ ಬಾಮ್ಮ, ಇವನು ಹೊತ್ತಿಗೆ ಸರಿಯಾಗಿ ಹೊರಡಲ್ಲ."

ಮುಂದಿನ ರಾಮನವಮಿಗೆ ಕಿವಿಯಲ್ಲಿ ಯಂತ್ರ, ಕುರ್ಚಿಯ ಮೇಲೆ ಟವೆಲು. ಯಂತ್ರ ನಡುನಡುವೆ ಕೀ ಎನ್ನುತ್ತಿತ್ತು. ಅಕ್ಕಪಕ್ಕದವರು ಶ್ರುತಿಪೆಟ್ಟಿಗೆಯನ್ನು ಅನುಮಾನದಿಂದ ನೋಡುತ್ತಿದ್ದರು. ಮಾವ ಮಾತ್ರ ಮಂಗಳ ಹಾಡುವವರೆಗೆ ಏಳಲಿಲ್ಲ.

ಇಷ್ಟು ಹೇಳಿದ ಮೇಲೆ ಬೀರುವನ್ನು ಹಾಗೇ ಬಿಟ್ಟು, ತಟ್ಟೆಯನ್ನು ಪ್ಲೇಯರಿಗೆ ಏರಿಸಿದೆ. ಬೇಕೆಂದೇ ಮೆಲುದನಿಯ ಬದಿ. ನನಗೂ ವಯಸ್ಸಾಗಿದೆ, ನನ್ನ ಕಿವಿಗಳೂ ಒಮ್ಮೆ ಪರೀಕ್ಷೆಗೆ ಕೂರಲಿ ಎಂದು. ಸದ್ಯ, ಅವನು ಉಸಿರೆಳೆದುಕೊಳ್ಳುವುದೂ ಕೇಳಿತು. ಎರಡನೆಯ ಹಾಡು ಅರ್ಧವಾಗಿತ್ತು. ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಯಜಮಾನರು ತಲೆಯೆತ್ತಿದರು.

"ಏನೇ, ತಟ್ಟೆ ಇಟ್ಟು ಸುಮ್ನೆ ಕೂತಿದೀಯಲ್ಲ. ಹಾಕೋದು ಯಾವಾಗ?"