ಅಮಾಸೆ ಕಳೀಲಿ

ಚೆಂಡುಹೂವಿನ ವಾಸನೆ ನಿಮಗೆ ಇಷ್ಟವೋ ಇಲ್ಲವೋ ಗೊತ್ತಿಲ್ಲ. ಸುತ್ತೆಲ್ಲ ಅದೇ ಹೂವಿನ ಹೊಲ ಇರುವ ಗುಂಡ್ಲುಪೇಟೆಯವರನ್ನು ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಇವತ್ತು ಬೆಳಿಗ್ಗೆ ಚಾಮರಾಜನಗರದ ಬಸ್ಸು ಹತ್ತಿದರೆ ಹಿಂದಿನ ಸೀಟಿನ ತುಂಬ ಹೂವಿನ ಮೂಟೆ, ಬಸ್ಸಿನ ತುಂಬ ಅದರ ಘಾಟು. ಪಕ್ಕದಲ್ಲಿದ್ದ ಚಿಕ್ಕಮ್ಮ, ಅಂದರೆ ನಮ್ಮವ್ವನ ತಂಗಿ ಸಾಕಮ್ಮ, ಆ ಘಾಟನ್ನು ಮೂಗಿನ ತುಂಬ ಎಳೆದುಕೊಂಡು ಕಣ್ಣು ಮುಚ್ಚಿದಳು. ನಾವು ಕುದೇರಿಗೆ ಹೊರಟಿದ್ದೆವು. ಅಲ್ಲಿ ನಾಗಮ್ಮ ಎಂಬಾಕೆಯ ಮಗಳು ರೂಪಾ ಕಾಲೇಜು ಬಿಟ್ಟು ಕೋಣೆ ಸೇರಿದ್ದಾಳೆ, ಯಾರೋ ಬೈಯುವುದು ಕೇಳಿಸುತ್ತದೆ ಎನ್ನುತ್ತಾಳೆ. ಅವಳನ್ನು ಇವತ್ತೇ ಆಸ್ಪತ್ರೆಗೆ ಕರೆತರಬೇಕೆಂಬುದು ನನ್ನ ಹಟ.

ಈ ಹಟ ಎಲ್ಲಿಂದ ಬಂತೆಂದು ಕೇಳಿದರೆ ಇದೇ ವಾಸನೆ ಹಿಡಿದು ಹಿಂದೆ ಹೋಗಬೇಕು. ನಾನು ಲಂಗ ತೊಡುತ್ತಿದ್ದ ಕಾಲದಲ್ಲಿ ಸುತ್ತಮುತ್ತ ಯಾವ ಮದುವೆಯಾದರೂ ಸೋಬಾನೆ ಹೇಳಲು ಚಿಕ್ಕಮ್ಮನೇ ಬೇಕು. ಚೆಂಡುಹೂವಿನ ತೋರಣದ ಕೆಳಗೆ ಕೂತು ಅವಳು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ನಾನೂ ಹಿಡಿಯಲು ಹೋದೆ. “ನೀನು ಆರತಿ ತಟ್ಟೆ ಇಡ್ಕೊ ಕಣಮ್ಮಿ” ಎಂದು ಬೇರೆ ಕೆಲಸ ಕೊಟ್ಟರು. ಒಂದು ಮದುವೆಯಲ್ಲಿ ಚಿಕ್ಕಮ್ಮ ಪದದ ನಡುವೆಯೇ ನಿಲ್ಲಿಸಿಬಿಟ್ಟಳು. “ಗೋಡೆ ಇಂದೆ ಯಾರೋ ನಗ್ತಾವ್ರೆ” ಎಂದಳು. ಗೋಡೆಯ ಹಿಂದೆ ಒಂದು ಎಮ್ಮೆ ಮಾತ್ರ ಇತ್ತು.

ಕಂಠಕ್ಕೆ ಕಣ್ಣು ತಾಗಿದೆ ಎಂದರು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, “ಅಮಾಸೆ ಕಳೀಲಿ, ಎಲ್ಲ ಸರೋಯ್ತದೆ” ಎಂದಳು. ನಮ್ಮ ಕಡೆ ಅಮಾವಾಸ್ಯೆ ಕಳೆಯದೆ ಮೇಕೆಯನ್ನೂ ಕೊಳ್ಳುವುದಿಲ್ಲ. ಅಮಾವಾಸ್ಯೆ ಬಂದರೆ ದೇವರ ಬೆಟ್ಟಕ್ಕೆ ಹೋಗುವುದು, ಹೋಗಿ ಬಂದು ಮುಂದಿನ ಅಮಾವಾಸ್ಯೆಗೆ ಕಾಯುವುದು. ದೇವರ ಮೇಲೆ ನನಗೆ ಸಿಟ್ಟಿಲ್ಲ, ಅವನೇನು ಆಸ್ಪತ್ರೆಗೆ ಹೋಗಬೇಡಿ ಎಂದಿರಲಿಲ್ಲ. ಆ ಕಾಯುವುದರ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ. ಚಿಕ್ಕಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ಹೊತ್ತಿಗೆ ಅವಳ ಗಂಡ ಇನ್ನೊಂದು ಮದುವೆಯಾಗಿದ್ದ, ಅವಳ ತಲೆ ನರೆಯತೊಡಗಿತ್ತು. “ಶುರುವಿನಲ್ಲೇ ಬಂದಿದ್ದರೆ ಚೆನ್ನಾಗಿತ್ತು” ಎಂದಷ್ಟೇ ಡಾಕ್ಟರು ಹೇಳಿದರು. ಮಾತ್ರೆಯಿಂದ ನಿದ್ದೆ ಬಂತು, ಊಟ ರುಚಿಸಿತು, ನಗುವವರು ದೂರವಾದರು. ಸೋಬಾನೆ ಬರಲಿಲ್ಲ.

ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಚಾಮರಾಜನಗರದಲ್ಲಿ ಒಂದು ಸಭೆಗೆ ಹೋದೆ. ಮನಸ್ಸಿನ ಕಾಯಿಲೆಯನ್ನು ಶುರುವಿನಲ್ಲೇ ಗುರುತಿಸಿ ಚಿಕಿತ್ಸೆ ಕೊಡಿಸಿ ಎಂದು ಊರೂರು ಸುತ್ತುವ ಗುಂಪಿನ ಸಭೆ. ನಿಜ ಹೇಳುತ್ತೇನೆ, ಹೋದದ್ದು ಗೆಳತಿಯ ಬಲವಂತಕ್ಕೆ, ಕೂತದ್ದು ಫ್ಯಾನಿನ ಕೆಳಗೆ. ಆದರೆ ‘ಶುರುವಿನಲ್ಲೇ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದ್ದು ನಿಂತು ನಾನೂ ಬರುತ್ತೇನೆ ಎಂದುಬಿಟ್ಟೆ. ಮೊದಲ ಭಾಷಣ ಹರದನಹಳ್ಳಿಯಲ್ಲಿ. ಮಕ್ಕಳನ್ನು ಗದರಿಸಿ ಪಳಗಿದ ಗಂಟಲು, ಮೈಕೇ ಬೇಕಾಗಲಿಲ್ಲ. ಮುಗಿದ ಮೇಲೆ ಒಬ್ಬ ಅಜ್ಜಿ, “ಚೆನ್ನಾಗ್ ಯೋಳ್ದೆ ಕಣವ್ವ, ಪಿಂಚಣಿ ಯಾವಾಗ ಬತ್ತದೆ?” ಎಂದು ಕೇಳಿದಳು. ಅಂದಿನಿಂದ ಭಾಷಣ ಬಿಟ್ಟೆ. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಅವರ ಮಾತು ಕೇಳುವುದನ್ನು ಕಲಿತೆ. ಒಂದು ಮನೆಯಲ್ಲಿ ಆಗುವುದಿಲ್ಲ ಎಂದರೆ ವಾರ ಬಿಟ್ಟು ಮತ್ತೆ ಹೋಗುತ್ತೇನೆ. ಚಿಕ್ಕಮ್ಮ ಯಾವತ್ತೂ ನನ್ನ ಜೊತೆ ಬಂದವಳಲ್ಲ. ನಿನ್ನೆ ರೂಪಾಳ ವಿಷಯ ಹೇಳಿದಾಗ, “ನಾನೂ ಬತ್ತೀನಿ” ಎಂದಳು.

ಕುದೇರಿನಲ್ಲಿ ನಾಗಮ್ಮ ಚಾಪೆ ಹಾಸಿ ಕೂರಿಸಿದಳು. “ನಾಳಿದ್ದು ಅಮಾಸೆ ಮೇಡಮ್ಮೋರೆ, ಬೆಟ್ಟಕ್ಕೋಗಿ ಬಂದ್ಬುಡ್ತೀವಿ. ಅಮಾಸೆ ಕಳೀಲಿ, ಆಮೇಲೆ ನೋಡನ” ಎಂದಳು.

“ಬೆಟ್ಟಕ್ಕೂ ಹೋಗಿ ನಾಗಮ್ಮ, ಇವತ್ತು ಮೊದಲು ಡಾಕ್ಟರಿಗೆ ತೋರಿಸೋಣ” ಎಂದೆ.

“ಆಸ್ಪತ್ರೆಗೆ ಓದ್ರೆ ತಲೆ ಕೆಟ್ಟವ್ಳು ಅಂತಾರೆ. ನಾಳೆ ಇವ್ಳ ಯಾರ್ ಮದ್ವೆ ಆಯ್ತಾರೆ?” ಎನ್ನುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಗ ಚಿಕ್ಕಮ್ಮ ಮೆಲ್ಲಗೆ ಹೇಳಿದಳು. “ನಮ್ಮನೇಲೂ ಅಂಗೇ ಅಂದ್ರು ಕಣವ್ವ. ಎಲ್ಲ ಅಮಾಸೇನೂ ಕಳೀತು. ನನ್ನ ಪದ ವಾಪಸ್ ಬರ್ನಿಲ್ಲ.”

ನಾಗಮ್ಮ ಅವಳನ್ನೇ ನೋಡುತ್ತ ಕೂತಳು. ಚಿಕ್ಕಮ್ಮ ಮಂಡಿ ಹಿಡಿದು ಎದ್ದು, ಮುಚ್ಚಿದ ಕೋಣೆಯ ಬಾಗಿಲ ಹತ್ತಿರ ಹೋದಳು.

“ಮಗ, ನಿಂಗೂ ಗೋಡೆ ಇಂದ್ಗಡೆಯಿಂದ ನಗ್ತರಾ?”

ಒಳಗಿಂದ ಸಣ್ಣ ದನಿ ಬಂತು. “ನಗಲ್ಲ ಅಜ್ಜಿ, ಬಯ್ತರೆ.”

“ನಂಗೆ ಗೊತ್ತು ಕಣಮ್ಮಿ. ಬಾ, ಓಗನ.”

ಚಿಲಕ ತೆಗೆದ ಸದ್ದಾಯಿತು. ನಾಗಮ್ಮ ಎದ್ದು ಮಗಳ ಚಪ್ಪಲಿ ಹುಡುಕತೊಡಗಿದಳು.

ಈಗ ನಾವು ನಾಲ್ವರೂ ಚಾಮರಾಜನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇವೆ. ನನ್ನ ಸೀರೆಗೆ ಇನ್ನೂ ಚೆಂಡುಹೂವಿನ ಘಾಟು ಅಂಟಿಕೊಂಡಿದೆ. ರೂಪಾ ಚಿಕ್ಕಮ್ಮನ ಕೈ ಬಿಟ್ಟಿಲ್ಲ. ಇಷ್ಟು ದಿನ ಚಿಕ್ಕಮ್ಮನನ್ನು ಮನೆಯಲ್ಲಿ ಕೂರಿಸಿ ಊರಿಗೆಲ್ಲ ನಾನೊಬ್ಬಳೇ ಹೇಳಿ ಬರುತ್ತಿದ್ದೆ. ಇನ್ನು ಮೇಲೆ ಇಬ್ಬರೂ ಹೋಗುತ್ತೇವೆ. ಒಳಗಿಂದ ರೂಪಾಳ ಹೆಸರು ಕೂಗಿದರು. ಅಮಾವಾಸ್ಯೆಗೆ ಇನ್ನೂ ಎರಡು ದಿನ ಇದೆ.