ಇಲಿ ಎದ್ದು ನಿಲ್ಲುವವರೆಗೆ

ಪ್ರಯೋಗಾಲಯದಲ್ಲಿ ಅವಳಿಗೆ ಇಲಿಯಕ್ಕ ಎಂದೇ ಹೆಸರು. ರಕ್ತದೊತ್ತಡದ ಮಾತ್ರೆಗಳಿಗೆ ಮೂರ್ಛೆರೋಗದ ಸೆಳೆತ ತಡೆಯುವ ಗುಣವೂ ಇದೆಯೇ ಎಂದು ಇಲಿಗಳಲ್ಲಿ ಪರೀಕ್ಷಿಸುವುದು ಅವಳ ಕೆಲಸ. ಕೆಲವು ಇಲಿಗಳಿಗೆ ಔಷಧಿ, ಕೆಲವಕ್ಕೆ ಬರೀ ನೀರು. ಆಮೇಲೆ ಕಿವಿಗೆ ಸಣ್ಣದಾಗಿ ಕರೆಂಟು ಕೊಟ್ಟು, ಸೆಳೆತ ಬರುತ್ತದೋ ಇಲ್ಲವೋ ನೋಡಬೇಕು. ಅಲ್ಲೊಂದು ಕಟ್ಟಪ್ಪಣೆ ಅವಳೇ ಮಾಡಿದ್ದು: ಬಿದ್ದ ಇಲಿ ತಾನಾಗಿ ಎದ್ದು ನಿಲ್ಲುವವರೆಗೆ ಕೋಣೆಯಲ್ಲಿದ್ದವರು ಯಾರೂ ಬಾಗಿಲು ದಾಟುವಂತಿಲ್ಲ. ದೊಡ್ಡ ಸಾಹೇಬರು ಫೋನ್ ಬಂತೆಂದು ಚಡಪಡಿಸಿದರೂ, “ಬಡ್ಕೊಳ್ಳಲಿ ಬಿಡಿ ಸಾರ್” ಎನ್ನುತ್ತಿದ್ದಳು.

ಆ ಅಪ್ಪಣೆ ಹುಟ್ಟಿದ್ದು ಸಿಟ್ಟಿನಿಂದ. ಅವಳ ಅಕ್ಕನಿಗೆ ಮೂರ್ಛೆರೋಗ. ಗಂಡನ ಮನೆಯಲ್ಲಿ ಮೊದಲ ಸಲ ಬಿದ್ದಾಗ ಅತ್ತೆ ಎಲ್ಲರನ್ನೂ ಹೊರಗೆ ಅಟ್ಟಿ, “ಮುಟ್ಟಬೇಡ್ರೋ, ಅಂಟ್ಕೊಳ್ಳುತ್ತೆ!” ಎಂದು ಹೊರಗಿನಿಂದ ಚಿಲಕ ಜಡಿದಳು. ಆಮೇಲೆ ಪ್ರತಿ ಸಲವೂ ಅದೇ. ಎಚ್ಚರವಾದಾಗ ಅಕ್ಕನಿಗೆ ಕಾಣುತ್ತಿದ್ದದ್ದು ಮುಚ್ಚಿದ ಬಾಗಿಲು, ಬಾಯಲ್ಲಿ ಕಚ್ಚಿಕೊಂಡ ನಾಲಿಗೆಯ ರಕ್ತದ ರುಚಿ. ಕೊನೆಗೊಂದು ದಿನ ಪೆಟ್ಟಿಗೆ ಸಮೇತ ತವರಿಗೆ ಸಾಗಹಾಕಿದರು. ಆಹಾ, ಎಂಥ ಘನಂದಾರಿ ಮನೆತನ! ಈಗ ಅಕ್ಕ ತಂಗಿ ಇಬ್ಬರೇ ಇರುವ ಮನೆಯಲ್ಲಿ ಯಾವ ಒಳಬಾಗಿಲಿಗೂ ಚಿಲಕವಿಲ್ಲ.

ಆ ಅತ್ತೆ ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆಯೇ ಒಂದು ದಿನ ಪರೀಕ್ಷೆಗೆ ಬಂತು. ಇಲಿಯಕ್ಕ ಮನೆಗೆ ಓಡಿ ಬಂದು ಹೇಳಿದಳು: “ಅಕ್ಕಾ, ನಿಮ್ಮತ್ತೆ ಮಾತ್ರೆ ಕಣೇ! ನಿನ್ನ ಕಾಯಿಲೆಗೆ ಇದೇ ಮದ್ದು ಅಂತಾಗಲಿ, ತಗೊಂಡು ಹೋಗಿ ಆ ಮುದುಕಿ ಮುಖಕ್ಕೆ ಹಿಡೀತೀನಿ.”

“ನಿನಗೆ ಬೇರೆ ಕೆಲಸ ಇಲ್ವೇನೇ?” ಎಂದು ಅಕ್ಕ ನಕ್ಕಳು. ತಂಗಿ ನಗಲಿಲ್ಲ. ಅವಳಿಗೆ ಆ ಮುಖ ಬಾಡುವುದನ್ನು ಕಣ್ಣಾರೆ ನೋಡಲೇಬೇಕಿತ್ತು.

ಪರೀಕ್ಷೆ ಇನ್ನೂ ನಡೆಯುತ್ತಿರುವಾಗಲೇ ಅಕ್ಕನ ಗಂಡ ಪ್ರಯೋಗಾಲಯಕ್ಕೆ ಬಂದು ನಿಂತ. ತಲೆ ಕೆದರಿತ್ತು. ಅವನ ಅಮ್ಮನಿಗೆ ಲಕ್ವ ಹೊಡೆದಿತ್ತಂತೆ, ಅದಾದ ಮೇಲೆ ಮೂರ್ಛೆಯೂ ಶುರುವಾಗಿತ್ತಂತೆ.

“ನೀನು ಅದಕ್ಕೇ ಏನೋ ಔಷಧಿ ಮಾಡ್ತಿದೀಯಂತಲ್ಲಮ್ಮಾ…”

ಇಲಿಯಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ಒಳಗೆ ಬನ್ನಿ,” ಎಂದಳು. ಮೊದಲಾದರೆ ಭಾವ ಎನ್ನುತ್ತಿದ್ದಳು, ಈಗ ಆ ಮಾತು ಬಾಯಿಗೆ ಬರಲಿಲ್ಲ.

ಸರದಿಯ ಇಲಿಯನ್ನು ತೆಗೆದಳು. ಅದು ಬಿತ್ತು, ಕಾಲು ಸೆಟೆಯಿತು, ಮೈಯೆಲ್ಲ ಅದುರಿತು. ಅವನು ಬಾಗಿಲ ಕಡೆ ತಿರುಗಿದ.

“ಎಲ್ಲಿಗೆ? ಅದು ಏಳೋವರೆಗೂ ಯಾರೂ ಹೋಗೋ ಹಾಗಿಲ್ಲ. ನೋಡಿ!”

ಅವಳು ಇಲಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ಪಕ್ಕಕ್ಕೆ ಹೊರಳಿಸಿ, ಬೆರಳು ಬೆನ್ನಿಗಿಟ್ಟು ಕೂತಳು. “ಇದು ಬರೀ ಇಲಿ. ಇದನ್ನೂ ನಾವು ಒಂಟಿಯಾಗಿ ಬಿಡಲ್ಲ. ನಮ್ಮಕ್ಕ ಇಲಿಗಿಂತ ಕಡೆಯಾಗಿದ್ದಳಾ ನಿಮ್ಮನೇಲಿ?”

ಇಲಿ ತಡವರಿಸಿ ಎದ್ದು ನಿಂತಿತು.

“ಔಷಧಿ ಅಂದ್ರೆ ನಿಮ್ಮಮ್ಮ ದಿನಾ ನುಂಗೋ ಬಿಪಿ ಮಾತ್ರೆನೇ. ಅದು ಇನ್ನೂ ಇಲಿಗಳಿಗೇ ಸರಿ ಹೋಗಿಲ್ಲ. ಅಮ್ಮನ್ನ ಆಸ್ಪತ್ರೆಗೆ ಸೇರಿಸಿ,” ಎಂದವಳು, ಏನೋ ಹೊಳೆದು ಕೇಳಿದಳು: “ಅವರು ಬಿದ್ದಾಗ ನೀವೇನು ಮಾಡ್ತೀರಿ?”

“ಅಮ್ಮ ಹೇಳಿಕೊಟ್ಟಿದ್ದೇ… ಹೊರಗೆ ಬಂದು ಬಾಗಿಲು ಹಾಕ್ಕೊಳ್ತೀವಿ.”

“ಈಗೆಲ್ಲಿದ್ದಾರೆ?”

“ಬೆಳಿಗ್ಗೆ ಬಂದಿತ್ತು. ರೂಮಲ್ಲೇ ಇದ್ದಾರೆ.”

“ಚಿಲಕ?”

“ಹಾಕೇ ಬಂದೆ.”

ಇಷ್ಟು ವರ್ಷ ಅವಳು ಹಲ್ಲು ಕಚ್ಚಿ ಕಾದದ್ದು ಇದಕ್ಕೇ. ಅವಳು ಕೈ ಹಾಕುವ ಮೊದಲೇ ಎಲ್ಲ ಆಗಿಹೋಗಿತ್ತು. ನಗಬೇಕೆಂದುಕೊಂಡಳು. ಆದರೆ ಕಣ್ಣ ಮುಂದೆ ಸುಳಿದ, ಮುಚ್ಚಿದ ಬಾಗಿಲು ನೋಡುತ್ತ ನೆಲದ ಮೇಲೆ ಬಿದ್ದಿದ್ದ ಮುದುಕಿಗೆ ಅಕ್ಕನ ಮುಖವೇ ಬಂದುಬಿಟ್ಟಿತು.

“ಓಡ್ರಿ! ಹೋಗಿ ಮೊದಲು ಚಿಲಕ ತೆಗೀರಿ!” ಎಂದು ಕಿರುಚಿದಳು. “ನಿಮ್ಮಮ್ಮನ್ನ ಕ್ಷಮಿಸಿದೆ ಅಂತ ಮಾತ್ರ ತಿಳ್ಕೋಬೇಡಿ.”

ಅವನು ಓಡಿದ. ಅವಳು ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಇಲಿಯನ್ನು ಗೂಡಿಗೆ ಬಿಟ್ಟಳು.